ಒಂಟಿ ಚಪ್ಪಲಿ ಸಿದ್ಧಾಂತ

ಅಟೆಂಡರಮ್ಮನ ಅರ್ಜಿ ತಿರಸ್ಕಾರವಾದ ಪತ್ರವನ್ನು ಅಟೆಂಡರಮ್ಮನಿಗೆ ತಲುಪಿಸುವ ಕೆಲಸ ಅಟೆಂಡರಮ್ಮನದೇ ಆಗಿತ್ತು. ಮೂಲನಿವಾಸಿ ಅಧ್ಯಯನ ವಿಭಾಗದಲ್ಲಿ ಟಪಾಲು ಹಂಚುವವಳು ಅವಳು. ನೆಲ ಒರೆಸುವವಳೂ ಅವಳು. ಟೀ ಕಾಯಿಸುವವಳೂ ಅವಳೇ. ರಿಜಿಸ್ಟರು ತೆರೆದಳು. ಪತ್ರದ ನಂಬರು ಬರೆದಳು. ತಲುಪಿಸಿದವರು ಎಂಬಲ್ಲಿ ಸೈನು ಹಾಕಿದಳು, ತಲುಪಿದವರು ಎಂಬಲ್ಲೂ ಸೈನು ಹಾಕಿದಳು. ಆಮೇಲೆ ಲಕೋಟೆ ಒಡೆದಳು.

ವಿಭಾಗದಿಂದ ಹೊಸ ಸಂಶೋಧನಾ ಪತ್ರಿಕೆಯೊಂದು ಹೊರಡುವುದಿತ್ತು. ಅದಕ್ಕೆ ಸ್ಥಾಪಕ ಸಂಪಾದಕರು ಬೇಕಾಗಿದ್ದರು. ಅವಳ ಅರ್ಜಿಯನ್ನು ಪರಿಗಣಿಸಿಲ್ಲ ಎಂದು ಬರೆದಿತ್ತು. ಕಾರಣ ಒಂದು, ಪ್ರಕಟಿತ ಲೇಖನಗಳಿಲ್ಲ. ಕಾರಣ ಎರಡು, ಅಭ್ಯರ್ಥಿಯನ್ನು ಇತರ ವಿದ್ವಾಂಸರು ಕನಿಷ್ಠ ನೂರು ಸಲ ಉಲ್ಲೇಖಿಸಿರಬೇಕು, ಉಲ್ಲೇಖಿಸಿಲ್ಲ. ಕಾರಣ ಮೂರು, ಅಭ್ಯರ್ಥಿಯು ವಿಷಯಕ್ಕೆ ಅತಿ ಹತ್ತಿರದಲ್ಲಿದ್ದಾರೆ.

ಮೂರನೇ ಕಾರಣವನ್ನು ಅವಳು ಮೂರು ಸಲ ಓದಿದಳು. ವಿಷಯ ಯಾವುದು? ಗುಡ್ಡದ ಜನ. ಅವಳು ಯಾರು? ಗುಡ್ಡದವಳು. ಹತ್ತಿರ ಅನ್ನುವುದು ಸುಳ್ಳಲ್ಲ. ಇಪ್ಪತ್ತು ವರ್ಷದಿಂದ ಬಕೆಟ್ಟು ಹಿಡಿದು ಬಗ್ಗಿದ ಸೊಂಟ ಅವಳದು. ಸಂಜೆ ಕಾಲೇಜಿಗೆ ಹೋಗಿ, ಬಸ್ಸಿನಲ್ಲಿ ನಿಂತುಕೊಂಡೇ ಓದಿ, ಎಂ.ಎ. ಮೊದಲ ದರ್ಜೆಯಲ್ಲಿ ಪಾಸು ಮಾಡಿದ್ದಳು. ಅವಳು ನೆಲ ಒರೆಸುತ್ತಿದ್ದರೆ ಮೇಷ್ಟ್ರುಗಳು ಕಾಲು ಮೇಲೆತ್ತಿಕೊಂಡು ಕೂತು, "ಏನಮ್ಮಾ, ನಿಮ್ಮಲ್ಲಿ ಮಗು ಹುಟ್ಟಿದ್ರೆ ಏನು ಮಾಡ್ತಾರೆ?" ಎಂದು ಕೇಳುತ್ತಿದ್ದರು. ಅವಳು ಒರೆಸುತ್ತಲೇ ಹೇಳುತ್ತಿದ್ದಳು. ಮುಂದಿನ ತಿಂಗಳು ಅದು ಲೇಖನವಾಗಿ ಬರುತ್ತಿತ್ತು, ಕೆಳಗೆ 'ಲೇಖಕರ ಕ್ಷೇತ್ರಕಾರ್ಯದಿಂದ' ಎಂದು. ಅವರ ಕ್ಷೇತ್ರ ಅಂದರೆ ಅವಳು ಒರೆಸಿದ ನೆಲ.

ಪತ್ರ ಹಿಡಿದು ನೇರ ಮುಖ್ಯಸ್ಥರ ಕೋಣೆಗೆ ಹೋದಳು.

"ಸರ್, ಹತ್ತಿರ ಇದ್ರೆ ತಪ್ಪೇನು?"

ಮುಖ್ಯಸ್ಥರು ಕನ್ನಡಕ ತೆಗೆದು ಒರೆಸಿದರು. ಕೆಟ್ಟವರಲ್ಲ ಅನ್ನಿಸಿಕೊಳ್ಳಬೇಕು ಎಂಬ ಆಸೆ ಅವರಿಗೆ ಜಾಸ್ತಿ. "ತಪ್ಪು ಅಂತಲ್ಲಮ್ಮ. ಪುಸ್ತಕಾನ ಮೂಗಿಗೆ ಒತ್ತಿ ಹಿಡಿದ್ರೆ ಓದೋಕಾಗುತ್ತಾ? ಸ್ವಲ್ಪ ದೂರ ಹಿಡೀಬೇಕು. ವಿದ್ವತ್ತಿಗೆ ದೂರ ಬೇಕು."

"ಎಷ್ಟು ದೂರ ಸರ್?"

ಅವರು ಯೋಚಿಸಿದರು. "ನಾನು ಇರೋಷ್ಟು."

"ಹಾಗಾದ್ರೆ ನಿಮ್ಮ ಮೇಲೆ ಒಂದು ಪತ್ರಿಕೆ ಶುರು ಮಾಡಿ ಸರ್. ನಾನು ಸಂಪಾದಕಿ ಆಗ್ತೀನಿ. ನಾನೂ ಅಷ್ಟೇ ದೂರ ಇದ್ದೀನಲ್ಲ."

ಮುಖ್ಯಸ್ಥರು ಕನ್ನಡಕ ಹಾಕಿಕೊಂಡರು. "ಟೀ ತಗೊಂಡು ಬಾಮ್ಮ. ಹಾಂ, ಗುರುವಾರ ಸಂದರ್ಶನ ಇದೆ. ಅನುದಾನ ಕೊಡೋರು ಗುಡ್ಡದ ಹಿರಿಯರೊಬ್ಬರ ಒಪ್ಪಿಗೆ ಬೇಕು ಅಂತಿದಾರೆ. ನಿಮ್ಮಜ್ಜಿನ ಕರ್ಕೊಂಡು ಬಾ. ಹೆಬ್ಬೆಟ್ಟು ಒತ್ತಿದ್ರೆ ಸಾಕು. ಫೋಟೋಗೂ ಚೆನ್ನಾಗಿರುತ್ತೆ."

ಅವಳು ಹೊರಗೆ ಬಂದಳು. ಓಣಿಯ ತುದಿಯಲ್ಲಿ ಗಾಜಿನ ಪೆಟ್ಟಿಗೆ. ಒಳಗೆ ಸಣ್ಣ ದೀಪದ ಕೆಳಗೆ ಒಂದು ಚಪ್ಪಲಿ. ಎಡಗಾಲಿನದು. ಹಿಮ್ಮಡಿ ಸವೆದಿದೆ, ಬಾರು ಕಿತ್ತು ತಂತಿ ಕಟ್ಟಿದೆ. ಕೆಳಗೆ ಹಿತ್ತಾಳೆ ಫಲಕ: 'ಒಂಟಿ ಚಪ್ಪಲಿ. ಗುಡ್ಡದ ಜನರ ಪಿತೃಪ್ರಜ್ಞೆಯ ಮಹಾಸಂಕೇತ.' ಇದರ ಮೇಲೆಯೇ ಮುಖ್ಯಸ್ಥರು ಡಾಕ್ಟರ್ ಆದದ್ದು, ಪ್ರೊಫೆಸರ್ ಆದದ್ದು, ಹದಿನೇಳು ದೇಶ ಸುತ್ತಿದ್ದು. ಇಡೀ ವಿಭಾಗ ನಿಂತಿರುವುದೇ ಆ ಒಂದು ಚಪ್ಪಲಿಯ ಮೇಲೆ. ಪ್ರತಿ ಸೋಮವಾರ ಅಟೆಂಡರಮ್ಮ ಅದರ ಗಾಜು ಒರೆಸುತ್ತಾಳೆ.

ಆ ಚಪ್ಪಲಿ ಅವಳ ಅಜ್ಜಿಯದು. ಅದರ ಸಿದ್ಧಾಂತ ಅವಳದು.

ಮೂವತ್ತಮೂರು ವರ್ಷದ ಹಿಂದಿನ ಮಾತು. ಆಗ ವಿಶ್ವವಿದ್ಯಾಲಯ ಗುಡ್ಡದ ಕೆಳಗೇ ಇತ್ತು, ಮೇಲೆ ಅವಳ ಜನ ಇದ್ದರು. ಒಬ್ಬ ಹುಡುಗ ಟೇಪ್ ರೆಕಾರ್ಡರ್ ನೇತುಹಾಕಿಕೊಂಡು ಹತ್ತಿ ಬಂದ. ಈಗಿನ ಮುಖ್ಯಸ್ಥರು ಅವರೇ. ಗುಡ್ಡದ ಮಾತು ಬಾರದು. ಆಗ ಅಟೆಂಡರಮ್ಮ ಒಂಬತ್ತು ವರ್ಷದ ಪುಟ್ಟಿ. ಅವಳಿಗೆ ಶಾಲೆಯಿಂದ ಊರ ಮಾತು ಬರುತ್ತಿತ್ತು, ಅವಳನ್ನೇ ದುಭಾಷಿ ಮಾಡಿಕೊಂಡ. ಪುಟ್ಟಿ ಒಂದೇ ದಿನಕ್ಕೆ ವ್ಯವಹಾರ ಕಲಿತಳು. ಚಿಕ್ಕ ಉತ್ತರಕ್ಕೆ ಹುಡುಗ ಮುಖ ಸಪ್ಪಗೆ ಮಾಡಿಕೊಂಡು ಒಂದು ಬಿಸ್ಕತ್ತು ಕೊಡುತ್ತಿದ್ದ. ಉದ್ದ ಉತ್ತರಕ್ಕೆ ಎರಡು.

ಮೂರನೇ ದಿನ ಅವನು ಬಾಗಿಲ ಹೊರಗಿನ ಚಪ್ಪಲಿ ನೋಡಿದ. "ಒಂದೇ ಯಾಕಿದೆ? ಕೇಳು."

ಅಜ್ಜಿ ಹೇಳಿದಳು: "ಇನ್ನೊಂದನ್ನ ನಾಯಿ ಕಚ್ಚಿಕೊಂಡು ಹೋಯ್ತು."

ಒಂದು ಬಿಸ್ಕತ್ತಿನ ಉತ್ತರ. ಚೀಲದಲ್ಲಿ ಕ್ರೀಂ ಬಿಸ್ಕತ್ತಿನ ಪೊಟ್ಟಣ ಇರುವುದನ್ನು ಪುಟ್ಟಿ ಬೆಳಿಗ್ಗೆಯೇ ನೋಡಿದ್ದಳು. ಉಗುಳು ನುಂಗಿ ಶುರು ಮಾಡಿದಳು. "ನಮ್ಮಲ್ಲಿ ಒಂದು ಚಪ್ಪಲಿ ಬದುಕಿರೋರಿಗೆ, ಇನ್ನೊಂದು ಸತ್ತ ಹಿರಿಯರಿಗೆ. ಅವರು ಬಂದು ಮೆಟ್ಕೊಂಡು ಹೋಗ್ತಾರೆ. ನಾವು ಒಂದು ಕಾಲಲ್ಲಿ ಈ ಲೋಕದಲ್ಲಿ ನಿಲ್ತೀವಿ. ಅವರು ಒಂದು ಕಾಲಲ್ಲಿ ಆ ಲೋಕದಲ್ಲಿ."

ಹುಡುಗ ಒಂದಕ್ಷರ ಬಿಡದೆ ಬರೆದುಕೊಂಡ. ಪೊಟ್ಟಣ ಪೂರ್ತಿ ಕೊಟ್ಟ. ಚಪ್ಪಲಿಯನ್ನು ಕಾಗದದಲ್ಲಿ ಸುತ್ತಿಕೊಂಡು ಹೊರಟ. "ಅದನ್ನ ಯಾಕೆ ತಗೊಂಡು ಹೋಗ್ತಿದಾನೆ?" ಅಂತ ಅಜ್ಜಿ ಕೇಳಿದಳು. ಪುಟ್ಟಿಯ ಬಾಯಿ ತುಂಬಿತ್ತು. "ರಿಪೇರಿ ಮಾಡಿಸಿ ತರ್ತಾನಂತೆ" ಅಂದುಬಿಟ್ಟಳು.

ಅವನು ತರಲಿಲ್ಲ. ಆ ವರ್ಷವೇ ವಿಶ್ವವಿದ್ಯಾಲಯ ಗುಡ್ಡಕ್ಕೆ ಬೇಲಿ ಹಾಕಿತು. ಗುಡ್ಡದವರು ಕೆಳಗಿಳಿದರು, ಅವರ ಮನೆಗಳ ಮೇಲೆ ಕಟ್ಟಡ ಎದ್ದಿತು. ಆ ಕಟ್ಟಡಕ್ಕೆ ಇಟ್ಟಿಗೆ ಹೊತ್ತವರೂ ಗುಡ್ಡದವರೇ. ಅಜ್ಜಿ ತಲೆ ಮೇಲೆ ಹನ್ನೆರಡು ಇಟ್ಟಿಗೆ ಇಟ್ಟುಕೊಂಡು, ಕಾದ ಜಲ್ಲಿಯ ಮೇಲೆ ಬರಿಗಾಲಲ್ಲಿ ನಡೆದಳು. ಹಿಮ್ಮಡಿ ಸೀಳಿ ರಕ್ತ ಬರುತ್ತಿತ್ತು. ಸಂಜೆ ಕಾಲು ನೀರಲ್ಲಿಟ್ಟುಕೊಂಡು, "ಆ ಹುಡುಗ ಬಂದನಾ?" ಎಂದು ಕೇಳುತ್ತಿದ್ದಳು. ಪುಟ್ಟಿ ನೀರು ತರುವ ನೆಪದಲ್ಲಿ ಎದ್ದು ಹೋಗುತ್ತಿದ್ದಳು. ಆ ಕ್ರೀಮಿನ ರುಚಿ ನೆನಪಾದರೆ ಅವಳಿಗೆ ಇವತ್ತಿಗೂ ನಾಚಿಕೆಯಾಗುತ್ತದೆ. ಚಪ್ಪಲಿ ಗಾಜಿನ ಪೆಟ್ಟಿಗೆಯಲ್ಲಿದೆ ಅನ್ನುವುದನ್ನು ಇಪ್ಪತ್ತು ವರ್ಷ ಅಜ್ಜಿಗೆ ಹೇಳಿರಲಿಲ್ಲ.

ತಿರಸ್ಕಾರದ ಪತ್ರ ಬಂದ ದಿನ ಸಂಜೆ ಮನೆಗೆ ಹೋಗಿ ಹೇಳಿದಳು. ಚಪ್ಪಲಿ ಎಲ್ಲಿದೆ ಅನ್ನುವುದನ್ನಷ್ಟೇ ಹೇಳಿದಳು, ಬಿಸ್ಕತ್ತಿನ ವಿಷಯ, ತಾನು ಕಟ್ಟಿದ ಕಥೆ ಹೇಳಲಿಲ್ಲ.

"ಆ ಹುಡುಗ ಈಗ ದೊಡ್ಡ ಮೇಷ್ಟ್ರು ಆಗಿದಾನೆ ಅಜ್ಜಿ. ಗುರುವಾರ ನಿನ್ನ ಕರೀತಿದಾನೆ."

ಅಜ್ಜಿಗೆ ಎಂಬತ್ತಾರು. ಕಣ್ಣು ಮಂಜು, ನೆನಪು ಚುರುಕು. "ರಿಪೇರಿ ಆಯ್ತಂತಾ?" ಎಂದಳು.

ಗುರುವಾರ ಅಜ್ಜಿ ಬಟ್ಟೆ ಚೀಲ ಎದೆಗೆ ಅವುಚಿಕೊಂಡು ಮೆಟ್ಟಿಲು ಹತ್ತಿದಳು. ನಲವತ್ತೆರಡು ಮೆಟ್ಟಿಲು. ಪ್ರತಿ ಹತ್ತಕ್ಕೆ ನಿಂತು, "ಈ ಕಲ್ಲು ನಾನೇ ಹೊತ್ತಿದ್ದು" ಅನ್ನುತ್ತಿದ್ದಳು. ಸಭಾಕೋಣೆಯ ಬಾಗಿಲಲ್ಲಿ ನಿಂತು ಅಳತೆ ಹಾಕುವವಳ ಹಾಗೆ ನೋಡಿದಳು. ಉದ್ದ ಮೇಜು, ಒತ್ತೊತ್ತಾಗಿ ಕುರ್ಚಿಗಳು, ಗೋಡೆಗೆ ಗಡಿಯಾರ.

"ನಮ್ಮ ಒಲೆ ಅಲ್ಲಿತ್ತು. ಆ ಬೋಳುತಲೆಯವನು ಕೂತಿದಾನಲ್ಲ, ಅಲ್ಲಿ."

ಬೋಳುತಲೆಯವರು ಅನುದಾನ ಸಂಸ್ಥೆಯ ಅಧಿಕಾರಿ. ಮುಂದೆ ನಿಯಮಗಳ ಪುಸ್ತಕ ಇಟ್ಟುಕೊಂಡು, ಕಾಲ್ಕೆಳಗೆ ಒಲೆ ಇತ್ತೆಂಬ ಅರಿವಿಲ್ಲದೆ ತಣ್ಣಗೆ ಕೂತಿದ್ದರು. ನಾಲ್ಕು ಗಂಟೆಯೊಳಗೆ ಸಂಪಾದಕರ ಹೆಸರು ಮತ್ತು ಹಿರಿಯರ ಹೆಬ್ಬೆಟ್ಟು ಸಿಗದಿದ್ದರೆ ಪತ್ರಿಕೆ ಬೇರೆ ವಿಶ್ವವಿದ್ಯಾಲಯಕ್ಕೆ ಹೋಗುತ್ತದೆ ಎಂದು ಎರಡು ಸಲ ಹೇಳಿಯಾಗಿತ್ತು.

ಅಭ್ಯರ್ಥಿಗಳು ಇಬ್ಬರು. ಮೊದಲನೆಯವರು ಗಡ್ಡದ ಮೇಷ್ಟ್ರು, 'ಇರುವ ಚಪ್ಪಲಿ' ಪಂಥದವರು. ಬಾಗಿಲ ಹೊರಗೆ ಉಳಿದ ಚಪ್ಪಲಿಯೇ ಮುಖ್ಯ ಎಂದು ಆರುನೂರು ಪುಟ ಬರೆದಿದ್ದರು. ಎರಡನೆಯವರು ಒಬ್ಬ ಮೇಡಂ, 'ಇಲ್ಲದ ಚಪ್ಪಲಿ' ಪಂಥದವರು. ಕಾಣೆಯಾದ ಚಪ್ಪಲಿಯೇ ಮುಖ್ಯ ಎಂದು ಏಳುನೂರು ಪುಟ ಬರೆದಿದ್ದರು. ಇಬ್ಬರೂ ಗುಡ್ಡದವರ ಮನೆ ಹೊಸಿಲು ತುಳಿದವರಲ್ಲ. ದೂರದ ವಿಷಯದಲ್ಲಿ ಇಬ್ಬರೂ ಎತ್ತಿದ ಕೈ.

"ನಿಮಗೆ ಇಲ್ಲದ ಚಪ್ಪಲಿ ಅರ್ಥಾನೇ ಆಗಿಲ್ಲ" ಎಂದರು ಮೇಡಂ.

"ಇಲ್ಲದ್ದನ್ನ ಅರ್ಥ ಮಾಡ್ಕೊಳ್ಳೋದು ಹೇಗ್ರೀ?"

"ಅದೇ ನಿಮ್ಮ ಸಮಸ್ಯೆ. ನಿಮಗೆ ಕಣ್ಣಿಗೆ ಕಾಣಬೇಕು."

"ನಿಮ್ಮ ಏಳುನೂರು ಪುಟ ನೋಡಿದೀನಿ. ಅದರಲ್ಲೂ ಏನೂ ಕಾಣಲ್ಲ."

ಅಜ್ಜಿಯನ್ನು ಮೇಜಿನ ತುದಿಯಲ್ಲಿ ಕೂರಿಸಿದ್ದರು. ಕುರ್ಚಿ ಎತ್ತರ, ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ಊರ ಮಾತಿನಲ್ಲಿ ಅವಳಿಗೆ ಬರುತ್ತಿದ್ದದ್ದು ಕಟ್ಟಡದ ಕೆಲಸದಲ್ಲಿ ಕಲಿತ ಮೂರು ಮಾತು: ಎತ್ತು, ಹೊರು, ಬೇಗ. ಹಿಂದೆ ಟೀ ತಟ್ಟೆ ಹಿಡಿದು ನಿಂತ ಮೊಮ್ಮಗಳ ಸೆರಗು ಎಳೆದಳು.

"ಯಾಕೆ ಕಿತ್ತಾಡ್ತಿದಾರೆ? ಆಸ್ತಿ ಪಾಲಾ?"

"ಅಲ್ಲ ಅಜ್ಜಿ, ಚಪ್ಪಲಿಗೆ."

"ಯಾರ ಚಪ್ಪಲಿ?"

"ನಿಂದೇ."

ಅಜ್ಜಿ ಇಬ್ಬರ ಕಾಲನ್ನೂ ಬಗ್ಗಿ ನೋಡಿದಳು. "ಅವರಿಗೆ ಹತ್ತಲ್ಲ" ಎಂದಳು.

ಮುಖ್ಯಸ್ಥರು ಜಗಳ ಬಿಡಿಸಲು ಕೈ ಎತ್ತಿದರು. "ನಮ್ಮ ಭಾಗ್ಯ, ಸಿದ್ಧಾಂತದ ಮೂಲ ಮಾಹಿತಿದಾರರೇ ಇಲ್ಲಿದಾರೆ. ಮೂವತ್ತಮೂರು ವರ್ಷದ ಮೇಲೆ ಅದೇ ಪ್ರಶ್ನೆ, ಅದೇ ಅಜ್ಜಿ." ರೆಕಾರ್ಡರ್ ಒತ್ತಿದರು. "ಕೇಳಮ್ಮ ಅವರನ್ನ. ಒಂದೇ ಚಪ್ಪಲಿ ಬಾಗಿಲಲ್ಲಿ ಯಾಕಿತ್ತು?"

ಅಟೆಂಡರಮ್ಮ ಕೇಳಿದಳು. ಅಜ್ಜಿ ಅವಳ ಮುಖವನ್ನೇ ದಿಟ್ಟಿಸಿದಳು. "ನಾಯಿ ಕಚ್ಚಿಕೊಂಡು ಹೋಯ್ತು ಅಂತ ಆವತ್ತೇ ಹೇಳಿದ್ನಲ್ಲೇ. ನೀನು ಹೇಳಲಿಲ್ವಾ?"

ಮೇಜಿನ ಮೇಲೆ ಬಿಸ್ಕತ್ತು ಇತ್ತು. ಅದೇ ಕ್ರೀಂ ಬಿಸ್ಕತ್ತು. ಎಲ್ಲರೂ ಪೆನ್ನು ಹಿಡಿದು ಉದ್ದ ಉತ್ತರಕ್ಕೆ ಕಾಯುತ್ತಿದ್ದರು. ಉದ್ದ ಉತ್ತರ ಕೊಟ್ಟರೆ ಕೆಲಸ ಉಳಿಯುತ್ತದೆ. ಚಿಕ್ಕ ಉತ್ತರ ಕೊಟ್ಟರೆ ಈ ಓಣಿಯಲ್ಲಿ ಇನ್ನು ಬಕೆಟ್ಟು ಹಿಡಿಯುವುದೂ ಅನುಮಾನ. ಅವಳು ಅಜ್ಜಿಯ ಕಾಲು ನೋಡಿದಳು. ಜಲ್ಲಿ ಸೀಳಿದ ಹಿಮ್ಮಡಿ ಗಾಳಿಯಲ್ಲಿ ತೂಗಾಡುತ್ತಿತ್ತು. ತಟ್ಟೆಯನ್ನು ಮೇಜಿನ ಮೇಲೆ ಇಟ್ಟಳು.

"ಇನ್ನೊಂದನ್ನ ನಾಯಿ ಕಚ್ಚಿಕೊಂಡು ಹೋಯ್ತು" ಎಂದಳು.

ಯಾರೂ ಬರೆಯಲಿಲ್ಲ. "ಅಷ್ಟೇನಾ?" ಎಂದರು ಮುಖ್ಯಸ್ಥರು. "ಸರಿಯಾಗಿ ಹೇಳು. ಆವತ್ತು ತುಂಬ ಉದ್ದ ಇತ್ತು."

"ಆವತ್ತು ಉದ್ದ ಮಾಡಿದ್ದು ನಾನು ಸರ್. ಬಿಸ್ಕತ್ತಿಗೆ. ಆ ಪುಟ್ಟಿ ನಾನೇ. ಹಿರಿಯರು, ಎರಡು ಲೋಕ, ಒಂಟಿ ಕಾಲು, ಅದೆಲ್ಲ ನಾನೇ ಕಟ್ಟಿದ್ದು."

ಮೊದಲು ಚೇತರಿಸಿಕೊಂಡವರು ಮೇಡಂ. "ನಾಯಿ! ಅಂದ್ರೆ ಇಲ್ಲದ ಚಪ್ಪಲಿಯನ್ನ ಒಯ್ಯುವ ವಾಹನ!" ಎಂದು ಬರೆದುಕೊಂಡರು. ಗಡ್ಡದವರು ಬಿಡಲಿಲ್ಲ. "ಮಾಹಿತಿದಾರರು ತಾವು ಸುಳ್ಳು ಹೇಳಿದೆವು ಅನ್ನೋದನ್ನ ನಾವು ನಂಬೋ ಹಾಗಿಲ್ಲ. ಸುಳ್ಳಿನ ವಿಷಯದಲ್ಲಿ ಅವರು ನಂಬಿಕಸ್ಥರಲ್ಲ" ಎಂದರು.

ಅಜ್ಜಿಗೆ ಸಾಕಾಗಿತ್ತು. ಬಟ್ಟೆ ಚೀಲಕ್ಕೆ ಕೈ ಹಾಕಿ ಚಪ್ಪಲಿಯೊಂದನ್ನು ಹೊರಗೆಳೆದಳು. ಚಪ್ಪಲಿ ಕೈಗೆ ಬಂದದ್ದೇ ತಡ, ಮೇಜಿನ ಸುತ್ತ ಇದ್ದ ಕುರ್ಚಿಗಳೆಲ್ಲ ಒಟ್ಟಿಗೆ ಹಿಂದಕ್ಕೆ ಸರಿದವು. ಗಡ್ಡದವರು ಫೈಲನ್ನು ತಲೆಗೆ ಅಡ್ಡ ಹಿಡಿದರು. ಅಧಿಕಾರಿ ನಿಯಮಗಳ ಪುಸ್ತಕವನ್ನೇ ಹಿಡಿದರು. ಇಷ್ಟು ವರ್ಷ ಚಪ್ಪಲಿಯ ಬಗ್ಗೆ ಬರೆದವರಲ್ಲಿ ಒಬ್ಬರಿಗೂ ಚಪ್ಪಲಿಯ ಇನ್ನೊಂದು ಉಪಯೋಗ ಮರೆತಿರಲಿಲ್ಲ.

ಅಜ್ಜಿ ಅದನ್ನು ಮೇಜಿನ ಮೇಲೆ ಇಟ್ಟಳು ಅಷ್ಟೇ. ಬಲಗಾಲಿನದು. ತುದಿಯಲ್ಲಿ ನಾಲ್ಕು ಹಲ್ಲಿನ ಗುರುತು. ನಾಯಿ ಒಂದು ವಾರದ ಮೇಲೆ ಚರಂಡಿಯಲ್ಲಿ ಬಿಟ್ಟುಹೋಗಿದ್ದನ್ನು ಅವಳು ತೊಳೆದು ತೆಗೆದಿಟ್ಟಿದ್ದಳು. "ಜೋಡಿ ತಂದಿದೀನಿ. ರಿಪೇರಿಗೆ ಕೊಟ್ಟಿದ್ದನ್ನ ಕೊಡೋಕೆ ಹೇಳು."

ಅಟೆಂಡರಮ್ಮ ಅದನ್ನೂ ಅಷ್ಟೇ ಚಿಕ್ಕದಾಗಿ ಹೇಳಿದಳು.

ಮುಖ್ಯಸ್ಥರ ಮುಖ ಹುಳ್ಳಗಾಯಿತು. ಗಡಿಯಾರ ಮೂರೂವರೆ ತೋರಿಸುತ್ತಿತ್ತು. ಅವಳನ್ನು ಮೂಲೆಗೆ ಕರೆದರು. "ನೋಡಮ್ಮ, ನಿನ್ನ ಸಹಾಯಕ ಸಂಪಾದಕಿ ಮಾಡ್ತೀನಿ. ಗೌರವ ಹುದ್ದೆ. ನಿನ್ನ ಕೆಲಸಾನೂ ಇರುತ್ತೆ, ಟೀ, ಟಪಾಲು, ಎಲ್ಲ. ಈ ನಾಯಿ ವಿಷಯ ಇಲ್ಲಿಗೇ ಬಿಡು. ಅಜ್ಜಿ ಹತ್ರ ಹೆಬ್ಬೆಟ್ಟು ಒತ್ತಿಸು."

"ಆಗಲ್ಲ ಸರ್."

"ಏನು ಆಗಲ್ಲ?"

"ಯಾವುದೂ ಆಗಲ್ಲ. ಇಪ್ಪತ್ತು ವರ್ಷ ನೀವು ಕೇಳಿದ್ದಕ್ಕೆಲ್ಲ ಬಗ್ಗಿಕೊಂಡೇ ಉತ್ತರ ಕೊಟ್ಟೆ. ಇವತ್ತು ನಿಂತ್ಕೊಂಡಿದೀನಿ. ಇನ್ನು ನಿಮ್ಮ ಬಿಸ್ಕತ್ತು ಬೇಡ."

ಮುಖ್ಯಸ್ಥರು ದುಡುದುಡು ಮೇಜಿಗೆ ಹೋದರು. ಮಸಿಯ ಡಬ್ಬಿ ತೆರೆದು ಅಜ್ಜಿಯ ಕೈ ಹಿಡಿದುಕೊಂಡರು. "ಏನಿಲ್ಲ ಅಜ್ಜಿ, ಇಲ್ಲಿ ಒಂದು, ಅಷ್ಟೇ" ಎನ್ನುತ್ತಾ ಹೆಬ್ಬೆರಳನ್ನು ಮಸಿಯ ಕಡೆ ಎಳೆದರು. ಎಂಬತ್ತಾರು ವರ್ಷದ ಕೈ. ಆದರೆ ಇಟ್ಟಿಗೆ ಹೊತ್ತ ಕೈ. ಅಲ್ಲಾಡಲಿಲ್ಲ. ಅವರು ಎರಡೂ ಕೈ ಹಾಕಿ ಎಳೆದರು. ಅಜ್ಜಿ ಒಂದು ಸಲ ಕೊಡವಿದಳು. ಮಸಿಯ ಡಬ್ಬಿ ಹಾರಿ ಮುಖ್ಯಸ್ಥರ ಬಿಳಿ ಅಂಗಿಯ ಮೇಲೆ ಕೂತಿತು.

"ಆಗಲ್ಲ" ಎಂದಳು ಅಜ್ಜಿ.

ಊರ ಮಾತಿನಲ್ಲೇ ಹೇಳಿದಳು. ಮೊಮ್ಮಗಳು ಈಗಷ್ಟೇ ಹೇಳಿದ್ದನ್ನು ಕೇಳಿಸಿಕೊಂಡು ಕಲಿತ ನಾಲ್ಕನೇ ಮಾತು. ಉಳಿದದ್ದನ್ನು ಗುಡ್ಡದ ಮಾತಿನಲ್ಲಿ ಹೇಳಿದಳು, ಮೊಮ್ಮಗಳು ಒಂದಕ್ಷರ ಸೇರಿಸದೆ ಹೇಳಿದಳು: "ಗುಡ್ಡ ತಗೊಂಡ್ರಿ. ಒಲೆ ತಗೊಂಡ್ರಿ. ಚಪ್ಪಲಿ ತಗೊಂಡ್ರಿ. ಬೆರಳು ನನ್ನ ಹತ್ರಾನೇ ಇರಲಿ. ನಮ್ಮ ವಿಷಯ ಬರೆಯೋ ಪತ್ರಿಕೆಯಲ್ಲಿ ನನ್ನ ಮೊಮ್ಮಗಳು ಕೂರೋ ಹಾಗಿದ್ರೆ ಒತ್ತುತೀನಿ. ಇಲ್ಲಾಂದ್ರೆ ಜೋಡಿ ಕೊಡಿ, ಮನೆಗೆ ಹೋಗ್ತೀನಿ."

"ಇವಳಿಗೆ ಅರ್ಹತೆ ಇಲ್ಲ" ಎಂದರು ಮುಖ್ಯಸ್ಥರು. "ನೂರು ಉಲ್ಲೇಖ ಬೇಕು. ನಿಯಮ."

ನಿಯಮ ಎಂಬ ಮಾತು ಕಿವಿಗೆ ಬಿದ್ದದ್ದೇ ಅಧಿಕಾರಿ ಪುಸ್ತಕವನ್ನು ತಲೆಯಿಂದ ಇಳಿಸಿದರು. "ಒಂಟಿ ಚಪ್ಪಲಿ ಮಾತನ್ನ ಇದುವರೆಗೆ ಎಷ್ಟು ಜನ ಉಲ್ಲೇಖ ಮಾಡಿದಾರೆ?"

"ನಾನೂರ ಹನ್ನೆರಡು ಸಲ" ಎಂದು ಮುಖ್ಯಸ್ಥರು ಅಭ್ಯಾಸಬಲದಿಂದ ಎದೆಯುಬ್ಬಿಸಿ ಹೇಳಿಬಿಟ್ಟರು.

"ಆ ಮಾತು ಮೊದಲು ಹೇಳಿದ್ದು ಯಾರು?"

ಅಧಿಕಾರಿಯೇ ಮುಖ್ಯಸ್ಥರ ಗ್ರಂಥ ತೆರೆದರು. ಮೊದಲ ಅಧ್ಯಾಯ, ಮೊದಲ ಅಡಿಟಿಪ್ಪಣಿ, ಇರುವೆ ಸಾಲಿನಂಥ ಅಕ್ಷರ: 'ಹೇಳಿದವಳು ದುಭಾಷಿ, ಸ್ಥಳೀಯ ಬಾಲಕಿ.' ತಲೆಯೆತ್ತಿ ಅಟೆಂಡರಮ್ಮನನ್ನು ನೋಡಿದರು. "ನೀವೇನಾ?"

"ನಾನೇ."

"ಆದ್ರೆ ಅದು ಸುಳ್ಳು!" ಎಂದು ಮುಖ್ಯಸ್ಥರು ಕೂಗಿದರು. ಕೂಗಿದ ಮೇಲೆ, ತಾವು ಏನು ಕೂಗಿದೆವು ಎಂದು ತಿಳಿದು ಕುಸಿದು ಕೂತರು.

"ಸತ್ಯ ಇರಬೇಕು ಅಂತ ನಿಯಮದಲ್ಲಿಲ್ಲ" ಎಂದರು ಅಧಿಕಾರಿ, ಬೆರಳಲ್ಲಿ ಸಾಲು ತೋರಿಸುತ್ತಾ. "ಉಲ್ಲೇಖ ಇರಬೇಕು ಅಂತಿದೆ. ಸುಳ್ಳು ಅನ್ನೋದಾದ್ರೆ ಹೇಳಿ, ಈ ಇಬ್ಬರ ಉಲ್ಲೇಖಾನೂ ಕಳೀತೀನಿ. ನಿಮ್ಮದೂ."

ಮುಖ್ಯಸ್ಥರು ಗಡ್ಡದವರನ್ನು ನೋಡಿದರು. ಗಡ್ಡದವರು ಮೇಡಂ ಕಡೆ ನೋಡಿದರು. ಮೇಡಂ ಕಿಟಕಿಯ ಕಡೆ ನೋಡಿದರು. ಮೂವತ್ತಮೂರು ವರ್ಷದಲ್ಲಿ ಮೊದಲ ಸಲ ಎರಡು ಪಂಥಗಳೂ ಒಮ್ಮತಕ್ಕೆ ಬಂದವು. ಸುಳ್ಳು ಎಂದು ಯಾರೂ ಹೇಳಲಿಲ್ಲ, ಅಧಿಕಾರಿ ಸಂಪಾದಕರು ಎಂಬಲ್ಲಿ ಅಟೆಂಡರಮ್ಮನ ಹೆಸರು ಬರೆದರು. ನಾಲ್ಕಕ್ಕೆ ಐದು ನಿಮಿಷ ಇರುವಾಗ ಅಜ್ಜಿ ಮುಖ್ಯಸ್ಥರ ಅಂಗಿಯ ಮೇಲಿನ ಮಸಿಗೇ ಹೆಬ್ಬೆರಳು ಅದ್ದಿ, ಕಾಗದದ ಮೇಲೆ ಒತ್ತಿದಳು.

ಗಾಜಿನ ಪೆಟ್ಟಿಗೆಯ ಕೀಲಿ ಅಟೆಂಡರಮ್ಮನ ಸೊಂಟದಲ್ಲೇ ಇತ್ತು. ಅಜ್ಜಿಯನ್ನು ಓಣಿಯ ಬೆಂಚಿನ ಮೇಲೆ ಕೂರಿಸಿ ಎರಡೂ ಚಪ್ಪಲಿ ಕಾಲಿಗೆ ಹಿಡಿದಳು. ಹತ್ತಲಿಲ್ಲ. ಕಾಲು ಊದಿ ಅಗಲವಾಗಿದ್ದವು. ತಂತಿ ಬಿಚ್ಚಿ ನೋಡಿದಳು, ಒತ್ತಿ ನೋಡಿದಳು, ಆಗಲೂ ಹತ್ತಲಿಲ್ಲ. ಅವಳಿಗೆ ಅಳು ಬಂತು. ಬಿಸ್ಕತ್ತಿನ ಕಥೆಯನ್ನೂ ಆಗಲೇ ಹೇಳಿಬಿಟ್ಟಳು.

ಅಜ್ಜಿ ಪೂರ್ತಿ ಕೇಳಿದಳು. "ನನಗೊಂದು ಬಿಸ್ಕತ್ತು ಇಡಬೇಕಿತ್ತಲ್ಲೇ" ಎಂದಳು. ಜೋಡಿಯನ್ನು ಚೀಲಕ್ಕೆ ಹಾಕಿಕೊಂಡು ಬರಿಗಾಲಲ್ಲೇ ಮೆಟ್ಟಿಲಿಳಿದಳು.

ಪತ್ರಿಕೆಗೆ ಬಂದ ಮೊದಲ ಲೇಖನ ಮುಖ್ಯಸ್ಥರದೇ. ತಲೆಬರಹ 'ಶ್ವಾನ: ಒಂಟಿ ಚಪ್ಪಲಿಯ ಮರುಚಿಂತನೆ.' ಅರವತ್ತೆಂಟು ಪುಟ. ಸಂಪಾದಕಿ ಒಲೆಯಿದ್ದ ಜಾಗದಲ್ಲಿ ಮೇಜು ಹಾಕಿಸಿಕೊಂಡು, ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿದಳು. ಇಡೀ ಲೇಖನದಲ್ಲಿ ನಾಯಿ ಒಂದು ಸಲವೂ ಬೊಗಳಿರಲಿಲ್ಲ. ಪತ್ರ ಬರೆದಳು, ಲಕೋಟೆಗೆ ಹಾಕಿದಳು. ವಿಭಾಗಕ್ಕೆ ಇನ್ನೂ ಹೊಸ ಅಟೆಂಡರ್ ಬಂದಿರಲಿಲ್ಲ. ತಾನೇ ರಿಜಿಸ್ಟರು ಹಿಡಿದು ಮುಖ್ಯಸ್ಥರ ಕೋಣೆಗೆ ಹೋದಳು.

ಅವರು ಲಕೋಟೆ ಒಡೆದರು. ಒಂದೇ ಸಾಲಿತ್ತು: 'ಪ್ರಕಟಣೆಗೆ ಪರಿಗಣಿಸಲಾಗಿಲ್ಲ. ಲೇಖಕರು ವಿಷಯದಿಂದ ಅತಿ ದೂರದಲ್ಲಿದ್ದಾರೆ.'

ಮುಖ್ಯಸ್ಥರು ಅದನ್ನು ಮೂರು ಸಲ ಓದಿದರು. ಅವಳು ಅವಸರ ಮಾಡಲಿಲ್ಲ. ಓದಿ ಮುಗಿದ ಮೇಲೆ ರಿಜಿಸ್ಟರು ತಿರುಗಿಸಿ, ತಲುಪಿದವರು ಎಂಬಲ್ಲಿ ಬೆರಳಿಟ್ಟಳು.

"ಇಲ್ಲಿ ಸೈನ್ ಹಾಕಿ ಸರ್."